ಬ್ಲೂಬರ್ಡ್ ಗೂಡುಪೆಟ್ಟಿಗೆಗೆ ಯಾವ ಕಾವಲು? ಗ್ರೀಸ್, ಛತ್ರಿ, ಕೊಳವೆ, ಜಾಲರಿ

ಅಮೆರಿಕದ ನಾರ್ತ್ ಕೆರೊಲಿನಾದ ನಮ್ಮ ಹಿತ್ತಿಲಿನಲ್ಲಿ, ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಗೂಡು ಕಟ್ಟುವ ಪುಟ್ಟ ನೀಲಿ ಹಕ್ಕಿ ಬ್ಲೂಬರ್ಡಿನ ಮೊಟ್ಟೆಗಳಿಗೆ ಇಬ್ಬರು ಕಳ್ಳರು: ಯಾವ ಕಂಬವನ್ನಾದರೂ ಹತ್ತುವ, ವಿಷವಿಲ್ಲದ ಹಾವು ರ್‍ಯಾಟ್ ಸ್ನೇಕ್, ಕತ್ತಲಾದ ಮೇಲೆ ಪೆಟ್ಟಿಗೆಯ ತೂತಿನೊಳಗೆ ಕೈ ತೂರಿಸುವ, ಬೆಕ್ಕಿಗಿಂತ ದೊಡ್ಡ ಕಾಡುಪ್ರಾಣಿ ರಕೂನ್. ತಡೆಯುವ ಉಪಾಯಗಳನ್ನು ಬೇರೆ ಬೇರೆ ಕಂಬಗಳಲ್ಲಿ ಹಾಕಿ ನೋಡಿದೆ.

ಕಂಬಕ್ಕೆ ಗ್ರೀಸ್ ಬಳಿಯುವುದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ನಿಷ್ಪ್ರಯೋಜಕ. ಬಿಸಿಲಿಗೆ ಇಳಿಯುತ್ತದೆ, ಧೂಳು ಕೂತು ಒಣಗುತ್ತದೆ, ಮತ್ತೆ ಮತ್ತೆ ಬಳಿಯಬೇಕು. ಹಕ್ಕಿಯ ಗರಿಗೆ ಮೆತ್ತಿದರೆ ಅದಕ್ಕೆ ತೊಳೆದುಕೊಳ್ಳಲು ದಾರಿಯಿಲ್ಲ.

ಛತ್ರಿಯಾಕಾರದ ತಗಡು ವಾಸಿ, ಆದರೆ ಮೂರು ಅಡಿ ಅಗಲವಿದ್ದರೆ ಮಾತ್ರ. ಅಂಗಡಿಯಲ್ಲಿ ಸಿಗುವ ಚಿಕ್ಕವುಗಳ ಅಂಚನ್ನು ಉದ್ದನೆಯ ಹಾವು ಸಲೀಸಾಗಿ ದಾಟುತ್ತದೆ. ದೊಡ್ಡದು ಗಾಳಿಗೆ ಸಿಕ್ಕಿ ವಾಲುತ್ತದೆ, ಹುಲ್ಲು ಕತ್ತರಿಸುವಾಗ ತಲೆಗೆ ತಾಗುತ್ತದೆ.

ನನ್ನ ಮತ ಒಲೆಯ ಹೊಗೆಕೊಳವೆಗೆ. ಎಂಟು ಇಂಚು ವ್ಯಾಸ, ಎರಡು ಅಡಿ ಉದ್ದದ ತಗಡಿನ ಕೊಳವೆಯ ಮೇಲ್ಬಾಯಿಯನ್ನು ಅರ್ಧ ಇಂಚು ಕಣ್ಣಿನ ತಂತಿಜಾಲರಿಯಿಂದ ಮುಚ್ಚಿ, ನುಣುಪಾದ ಕಬ್ಬಿಣದ ಪೈಪಿನ ಕಂಬಕ್ಕೆ, ಪೆಟ್ಟಿಗೆಯ ಕೆಳಗೆ ತೂಗುಹಾಕಬೇಕು. ಕಂಬ ಹತ್ತಿದ ಹಾವು ಕೊಳವೆಯೊಳಗೆ ನುಗ್ಗಿ ಜಾಲರಿಗೆ ಬಂದು ನಿಲ್ಲುತ್ತದೆ, ಬಂದ ದಾರಿಯಲ್ಲೇ ಇಳಿಯುತ್ತದೆ. ರಕೂನ್ ಹೊರಗಿನಿಂದ ತಬ್ಬಿದರೆ ಕೊಳವೆ ಓಲಾಡುತ್ತದೆ, ಹಿಡಿತ ಸಿಗುವುದಿಲ್ಲ. ಆದ್ದರಿಂದ ಬಿಗಿಯಾಗಿ ಕಟ್ಟಬಾರದು. ಸಡಿಲವೇ ಇದರ ಜೀವ. ಕೊಳವೆಯ ತಲೆ ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿರಲಿ. ಮರದ ಕೊಂಬೆ ಪಕ್ಕದಲ್ಲೇ ಚಾಚಿಕೊಂಡಿದ್ದರೆ ಮಾತ್ರ ಇಷ್ಟೆಲ್ಲ ದಂಡ.

ತೂತಿನ ಮುಂದೆ ಕೂರಿಸುವ ತಂತಿಜಾಲರಿಯ ಚೌಕಟ್ಟಿಗೆ ನೋಯೆಲ್ ಗಾರ್ಡ್ ಎನ್ನುತ್ತಾರೆ. ರಕೂನಿನ ಕೈ, ಬೆಕ್ಕಿನ ಪಂಜ ಎರಡೂ ಒಳಗೆ ಎಟಕುವುದಿಲ್ಲ. ಹಾವಿಗೆ ಮಾತ್ರ ಅದು ಇನ್ನೊಂದು ಬಾಗಿಲು, ಅಷ್ಟೆ. ಮೊದಲ ಮೊಟ್ಟೆ ಬಿದ್ದ ಮೇಲೆ ಕೂರಿಸಿದರೆ ತಾಯಿಹಕ್ಕಿ ಹೆಚ್ಚು ತಕರಾರು ಮಾಡುವುದಿಲ್ಲ. ಕಂಬ ನೆಡಲಾಗದೆ ಬೇಲಿಗೋ ಮರಕ್ಕೋ ಪೆಟ್ಟಿಗೆ ಹೊಡೆದವರಿಗೆ ಏನೂ ಇಲ್ಲದ್ದಕ್ಕಿಂತ ಇದು ಮೇಲು. ಕಂಬಕ್ಕೆ ನೈಲಾನ್ ಬಲೆ ಸುತ್ತುವ ಸಲಹೆಯನ್ನು ನಾನು ಮುಟ್ಟಲೇ ಇಲ್ಲ. ಸಿಕ್ಕಿಕೊಂಡ ಹಾವು ನರಳಿ ಸಾಯುತ್ತದೆ, ಇಲಿ ಹಿಡಿಯುವ ಆ ಪ್ರಾಣಿ ತೋಟಕ್ಕೆ ಬೇಕು.

ಹಾರಿ ಬರುವ ವೈರಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಒಂದೂವರೆ ಇಂಚಿನ ತೂತು ಸ್ಟಾರ್ಲಿಂಗ್ ಹಕ್ಕಿಯನ್ನು ಹೊರಗಿಡುತ್ತದೆ, ಗುಬ್ಬಚ್ಚಿಯನ್ನಲ್ಲ. ಬೆಂಗಳೂರಿನಲ್ಲಿ ಕಾಣೆಯಾಯಿತೆಂದು ನಾವು ಮರುಗುವ ಅದೇ ಗುಬ್ಬಚ್ಚಿ! 1850ರ ದಶಕದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ತಂದುಬಿಟ್ಟ ಅದರ ಸಂತತಿ ಇಲ್ಲಿ ಬ್ಲೂಬರ್ಡನ್ನು ಗೂಡಿನೊಳಗೇ ತಲೆಗೆ ಕುಕ್ಕಿ ಕೊಲ್ಲುತ್ತದೆ. ಅದಕ್ಕೆ ಪೆಟ್ಟಿಗೆಯ ಮೇಲೆ ಮಿರುಗುವ ಪ್ಲಾಸ್ಟಿಕ್ ಪಟ್ಟಿಗಳನ್ನು ಇಳಿಬಿಡುತ್ತೇನೆ. ಇದೂ ಮೊದಲ ಮೊಟ್ಟೆಯ ನಂತರವೇ. ಮರಿಗಳು ಹಾರಿಹೋದ ಕೂಡಲೇ ತೆಗೆದಿಡಬೇಕು, ಇಲ್ಲದಿದ್ದರೆ ಗುಬ್ಬಚ್ಚಿಗೆ ಅದರ ಭಯ ಹೋಗುತ್ತದೆ.