ಕಲಬುರಗಿಯ ಬೇಸಿಗೆಯಲ್ಲಿ ಆರ್ಕ್ಟಿಕ್ ಪಿ12 ಕಂಪ್ಯೂಟರ್ ಫ್ಯಾನುಗಳು

ಏಪ್ರಿಲ್ ತಿಂಗಳಲ್ಲಿ ಕಲಬುರಗಿಯ ಮಧ್ಯಾಹ್ನದ ಬಿಸಿ 40 ಡಿಗ್ರಿ ದಾಟುವುದು ಸಾಮಾನ್ಯ. ಏಸಿ ಇಲ್ಲದ ನನ್ನ ಕೋಣೆಯಲ್ಲಿ ಆ ಹೊತ್ತಿಗೆ 36 ಡಿಗ್ರಿ ಇರುತ್ತದೆ. ಎಷ್ಟೇ ಬೆಲೆಬಾಳುವ ಫ್ಯಾನಾದರೂ ಕೋಣೆಯ ಗಾಳಿಗಿಂತ ತಣ್ಣಗಿನ ಗಾಳಿಯನ್ನು ಕಂಪ್ಯೂಟರಿನೊಳಗೆ ತಳ್ಳಲಾರದು. ಆದ್ದರಿಂದ ಕೋಣೆಯ ಬಿಸಿಗೂ ಆಟದ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಬಿಸಿಗೂ ನಡುವಿನ ಅಂತರ ಎಷ್ಟು ಇಳಿಯಿತು ಎಂಬುದನ್ನೇ ಅಳತೆಗೋಲಾಗಿಟ್ಟುಕೊಂಡು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ನನ್ನ ಕಾರ್ಡು ಎನ್ವಿಡಿಯಾದ ಆರ್‌ಟಿಎಕ್ಸ್ 3060. ಸುಮಾರು 170 ವ್ಯಾಟ್ ಬಳಸುವ ಈ ಕಾರ್ಡು 83 ಡಿಗ್ರಿಯ ಮಿತಿಗೆ ಬಂದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಕ್ಯಾಬಿನೆಟ್ಟಿನ ಜೊತೆಯಲ್ಲೇ ಬಂದಿದ್ದ ಬಣ್ಣದ ದೀಪಗಳ ಫ್ಯಾನುಗಳಿದ್ದಾಗ ಆಟ ಶುರುವಾದ ಅರ್ಧ ಗಂಟೆಯೊಳಗೆ ಕಾರ್ಡು ಆ ಮಿತಿಯನ್ನು ಮುಟ್ಟುತ್ತಿತ್ತು. ಕ್ಯಾಬಿನೆಟ್ಟಿನ ಪಕ್ಕದ ಗಾಜನ್ನು ತೆಗೆದಿಟ್ಟು ಅದೇ ಆಟವನ್ನು ಆಡಿ ನೋಡಿದಾಗ ಬಿಸಿ 7 ಡಿಗ್ರಿ ಇಳಿಯಿತು. ಹೊಸದೇನನ್ನಾದರೂ ಕೊಳ್ಳುವ ಮೊದಲು ಎಲ್ಲರೂ ಈ ಪರೀಕ್ಷೆಯನ್ನು ಮಾಡಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಗಾಜು ತೆಗೆದಾಗ ಬಿಸಿ ಗಣನೀಯವಾಗಿ ಇಳಿದರೆ ಕ್ಯಾಬಿನೆಟ್ಟಿಗೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಇಳಿಯದಿದ್ದರೆ ತೊಂದರೆ ಕಾರ್ಡಿನ ಕೂಲರಿನಲ್ಲೋ, ಚಿಪ್ಪಿಗೂ ಕೂಲರಿಗೂ ನಡುವೆ ಹಚ್ಚಿದ್ದು ಒಣಗಿದ ಥರ್ಮಲ್ ಪೇಸ್ಟಿನಲ್ಲೋ ಇರಬಹುದು, ಅಂಥ ಕಡೆ ಫ್ಯಾನಿಗೆ ಹಾಕಿದ ಹಣ ವ್ಯರ್ಥ.

ನಾನು ಆರಿಸಿಕೊಂಡದ್ದು ಆರ್ಕ್ಟಿಕ್ ಪಿ12 ಪಿಡಬ್ಲ್ಯೂಎಂ ಪಿಎಸ್‌ಟಿ, ಐದು ಫ್ಯಾನುಗಳ ಪೊಟ್ಟಣ. 120 ಮಿಲಿಮೀಟರ್ ಅಳತೆಯ ಈ ಫ್ಯಾನು ನಿಮಿಷಕ್ಕೆ 200ರಿಂದ 1800 ಸುತ್ತು ತಿರುಗುತ್ತದೆ. ಕಂಪನಿ ಹೇಳುವಂತೆ ಗಾಳಿಯ ಹರಿವು 56.3 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ), ಸ್ಥಿರ ಒತ್ತಡ, ಅಂದರೆ ಅಡ್ಡಿಯ ಎದುರು ಗಾಳಿಯನ್ನು ತಳ್ಳುವ ಬಲ, 2.2 ಮಿಲಿಮೀಟರ್ ನೀರು. ಹೆಚ್ಚಿನ ಖರೀದಿದಾರರು ಮೊದಲನೆಯ ಅಂಕಿಯನ್ನಷ್ಟೇ ನೋಡುತ್ತಾರಾದರೂ ನಮ್ಮ ಊರುಗಳಿಗೆ ಎರಡನೆಯದೇ ಮುಖ್ಯ, ಏಕೆಂದರೆ ಧೂಳು ತಡೆಯಲು ಮುಂಭಾಗದಲ್ಲಿ ಒತ್ತಾದ ಜಾಲರಿ ಇರಲೇಬೇಕು, ಮತ್ತು ಜಾಲರಿಯ ಎದುರು ಒತ್ತಡವಿಲ್ಲದ ಫ್ಯಾನು ಎಷ್ಟು ತಿರುಗಿದರೂ ಗಾಳಿಯನ್ನು ಒಳಗೆ ಎಳೆಯಲಾರದು. ಪಿಎಸ್‌ಟಿ ವ್ಯವಸ್ಥೆಯಿಂದ ಆದ ಅನುಕೂಲವೂ ಸಣ್ಣದಲ್ಲ: ಒಂದು ಫ್ಯಾನಿನ ತಂತಿಗೆ ಮತ್ತೊಂದನ್ನು ಸಿಕ್ಕಿಸುತ್ತಾ ಹೋಗಬಹುದಾದ್ದರಿಂದ ಮುಂಭಾಗದ ಮೂರೂ ಫ್ಯಾನುಗಳು ಮದರ್‌ಬೋರ್ಡಿನ ಒಂದೇ ಕನೆಕ್ಟರಿನಿಂದ, ಒಂದೇ ವೇಗದಲ್ಲಿ ನಡೆಯುತ್ತವೆ.

ಜೋಡಿಸುವಾಗ ದಿಕ್ಕು ತಪ್ಪಬಾರದು. ಮೋಟಾರನ್ನು ಹಿಡಿದಿರುವ ಕಡ್ಡಿಗಳು ಕಾಣುವ ಬದಿಯಿಂದ ಗಾಳಿ ಹೊರಬೀಳುತ್ತದೆ. ನಾನು ಮೂರನ್ನು ಮುಂದೆ ಒಳಗಾಳಿಗೆ, ಒಂದನ್ನು ಹಿಂದೆ, ಮತ್ತೊಂದನ್ನು ಮೇಲ್ಭಾಗದ ಹಿಂತುದಿಯಲ್ಲಿ ಹೊರಗಾಳಿಗೆ ಇಟ್ಟೆ. ಮೊದಲು ಮೇಲಿನದನ್ನು ಮುಂತುದಿಯಲ್ಲಿ ಕೂರಿಸಿದ್ದಾಗ, ಮುಂದಿನಿಂದ ಬಂದ ಹೊಸ ಗಾಳಿ ಸಿಪಿಯು ಕೂಲರನ್ನು ಮುಟ್ಟುವ ಮೊದಲೇ ಅದು ಹೊರಗೆ ಎಳೆದುಬಿಡುತ್ತಿತ್ತು; ಒಂದು ಅಡಿ ಹಿಂದೆ ಸರಿಸಿದ್ದಕ್ಕೇ ಸಿಪಿಯು ಬಿಸಿ 3 ಡಿಗ್ರಿ ಇಳಿಯಿತು. ಒಳಬರುವ ಗಾಳಿ ಹೊರಹೋಗುವುದಕ್ಕಿಂತ ಹೆಚ್ಚಿರುವುದರಿಂದ ಸಂದುಗಳಿಂದ ಧೂಳು ನುಗ್ಗುವುದೂ ಬಹಳ ಕಡಿಮೆಯಾಗಿದೆ.

ಅದೇ ಕೋಣೆ, ಅದೇ 36 ಡಿಗ್ರಿ, ಅದೇ ಆಟ: ಕಾರ್ಡು ಈಗ 75 ಡಿಗ್ರಿಯಲ್ಲಿ ನಿಲ್ಲುತ್ತದೆ. 47 ಇದ್ದ ಅಂತರ 39ಕ್ಕೆ ಬಂದಿದೆ, ವೇಗ ಕುಗ್ಗುವುದು ನಿಂತಿದೆ. ಗಾಜು ತೆಗೆದರೂ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಇದನ್ನು ನೋಡಿ ನನಗಾದ ಸಂತೋಷ ದೊಡ್ಡದು.

ಸದ್ದಿನ ವಿಷಯದಲ್ಲಿ, 1200 ಸುತ್ತಿನವರೆಗೆ ತಲೆಯ ಮೇಲಿನ ಸೀಲಿಂಗ್ ಫ್ಯಾನಿನ ಸದ್ದೇ ಹೆಚ್ಚು. ಪೂರ್ಣ ವೇಗದಲ್ಲಿ ಗಾಳಿಯ ರಭಸ ಸ್ಪಷ್ಟವಾಗಿ ಕೇಳಿಸುತ್ತದೆ, ಆದರೆ ಬಯೋಸಿನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗುಗಳಲ್ಲಿ) ವೇಗಕ್ಕೆ ಮಿತಿ ಹಾಕಿಕೊಂಡ ಮೇಲೆ ಅಲ್ಲಿಗೆ ಹೋಗುವ ಅಗತ್ಯವೇ ಬಿದ್ದಿಲ್ಲ. ಈ ಮಾದರಿಯಲ್ಲಿ ದೀಪಗಳಿಲ್ಲ, ಅಲಂಕಾರ ಬೇಕೆನ್ನುವವರು ಬೇರೆ ನೋಡಬೇಕು. ಮುಂಭಾಗದಲ್ಲಿ ಜಾಲರಿಯ ಬದಲು ಪೂರ್ತಿ ಗಾಜು ಇರುವ ಕ್ಯಾಬಿನೆಟ್ ಉಳ್ಳವರಿಗೆ ನಾನು ಇವನ್ನು ಶಿಫಾರಸು ಮಾಡುವುದಿಲ್ಲ. ಅವರು ಮೊದಲು ಕ್ಯಾಬಿನೆಟ್ಟನ್ನೇ ಬದಲಿಸುವುದು ಒಳ್ಳೆಯದು. ಉಳಿದವರು ಕೊಳ್ಳುವಾಗ ಹೆಸರಿನಲ್ಲಿ ‘ಪಿಎಸ್‌ಟಿ’ ಇದೆಯೇ ಎಂದು ನೋಡಿಕೊಳ್ಳಲಿ, ಅದಿಲ್ಲದ ಪಿ12 ಕೂಡ ಅಂಗಡಿಗಳಲ್ಲಿ ಸಿಗುತ್ತದೆ.