ಪೈಂಟ್ ಹೊಡೆಸಿದ ಕಿಚನ್ ಕಪಾಟಾ? ಡೀಪ್ ಕ್ಲೀನಿಂಗ್‌ನವರನ್ನು ಕರೆಯುವ ಮೊದಲು ಇದನ್ನು ಓದಿ

ಚೌತಿ ಹತ್ತಿರ ಬರುತ್ತಿದೆ. ಮಂಗಳೂರಿನಲ್ಲಿ ಈಗ ಎಲ್ಲರ ಫೋನಿಗೂ ಡೀಪ್ ಕ್ಲೀನಿಂಗ್ ಆಫರ್ ಬರುವ ಸಮಯ. ನಿಮ್ಮ ಅಡುಗೆಮನೆಯ ಕಪಾಟಿಗೆ ಲ್ಯಾಮಿನೇಟ್ ಅಂಟಿಸಿದ್ದರೆ ಅಷ್ಟು ತಲೆಬಿಸಿ ಇಲ್ಲ. ಪೈಂಟ್ ಹೊಡೆಸಿದ್ದರೆ, ಅಂದರೆ ಡ್ಯೂಕೋ ಅಥವಾ ಪಿಯು (ಪಾಲಿಯುರೆಥೇನ್) ಎಂಬ ಸ್ಪ್ರೇ ಬಣ್ಣದ ಫಿನಿಶ್ ಇದ್ದರೆ, ಬಂದವರ ಕೈಯಲ್ಲಿ ಯಾವ ಕ್ಯಾನ್ ಇದೆ ಎಂದು ನೋಡದೆ ಒಳಗೆ ಬಿಡಬೇಡಿ.

ನಮ್ಮದು ಬಿಜೈಯಲ್ಲಿ ಫ್ಲ್ಯಾಟ್. ಕಪಾಟಿನ ಒಳಗೆಲ್ಲ ಪ್ಲೈವುಡ್, ಶಟರ್, ಅಂದರೆ ಬಾಗಿಲು ಮಾತ್ರ ಎಂಡಿಎಫ್ ಹಲಗೆ. ಕೆಳಗಿನವಕ್ಕೆ ಕಡುಹಸಿರು, ಮೇಲಿನವಕ್ಕೆ ಕ್ರೀಮ್ ಬಣ್ಣ. ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಇಲ್ಲಿನದೇ ಒಂದು ಕ್ಲೀನಿಂಗ್ ಕಂಪನಿಗೆ ಬುಕ್ ಮಾಡಿದೆವು. ಕಪಾಟು ಪೈಂಟಿನದ್ದು, ಸ್ವಲ್ಪ ಜಾಗ್ರತೆ ಎಂದು ಫೋನಿನಲ್ಲೇ ಹೇಳಿದ್ದೆ. "ನಮ್ಮ ಹುಡುಗರಿಗೆ ಎಲ್ಲ ಗೊತ್ತುಂಟು ಮೇಡಂ" ಎಂದರು.

ಬಂದ ಹುಡುಗರು ಚಿಮಣಿ, ಎಕ್ಸಾಸ್ಟ್ ಫ್ಯಾನ್, ಟೈಲ್ಸ್, ಕಪಾಟು ಎಲ್ಲದಕ್ಕೂ ಒಂದೇ ಬಾಟಲಿಯಿಂದ ಸ್ಪ್ರೇ ಹೊಡೆದರು. ಮೇಲೆ ಹಸಿರು ಸ್ಕ್ರಬ್ಬರ್. ನಾನು ಕೆಲಸಕ್ಕೆ ಹೋಗಿದ್ದೆ, ಮನೆಯಲ್ಲಿ ಅತ್ತೆ ಇದ್ದರು. ಹುಡುಗ ಹಿಂಡುತ್ತಿದ್ದ ಬಟ್ಟೆ ನೋಡಿ ಅವರಿಗೆ ಸಂಶಯ ಬಂತು. "ಮಗಾ, ಬಟ್ಟೆಗೆ ಬಣ್ಣ ಬರ್ತಾ ಉಂಟಲ್ಲ?" ಎಂದು ಕೇಳಿದರು. "ಅದು ಹಳೇ ಕೊಳೆ ಅಮ್ಮ" ಎಂದ. ಕೊಳೆ ಕಡುಹಸಿರು ಇರುತ್ತದಾ ಮಾರಾಯ್ರೆ?

ಅವರು ಹೋಗುವಾಗ ಎಲ್ಲ ಫಳಫಳ ಹೊಳೆಯುತ್ತಿತ್ತು, ಒದ್ದೆ ಇತ್ತಲ್ಲ. ಒಣಗಿದ ಮೇಲೆ ನಿಜ ಬಣ್ಣ ಕಂಡಿತು. ಹ್ಯಾಂಡಲ್ ಸುತ್ತ ಮಂಕು. ಒಲೆಯ ಪಕ್ಕದ ಶಟರಿನಲ್ಲಿ ಸ್ಪ್ರೇ ಇಳಿದ ದಾರಿಯುದ್ದಕ್ಕೂ ಬಿಳಿಚಿದ ಗೆರೆ. ಕೈ ಇಟ್ಟರೆ ಅಂಟು ಅಂಟು. ಅಂಚುಗಳಲ್ಲಿ ಬಣ್ಣ ಹೋಗಿ ಪ್ರೈಮರ್ ಇಣುಕುತ್ತಿತ್ತು.

ಅದಕ್ಕಿಂತ ದೊಡ್ಡ ಪೆಟ್ಟು ಜೂನ್‌ನಲ್ಲಿ ಬಿತ್ತು. ನಮ್ಮ ಕರಾವಳಿಯ ಮಳೆಗಾಲ ಗೊತ್ತಲ್ಲ, ಒಣ ಬಟ್ಟೆಯೂ ಒದ್ದೆ ಒದ್ದೆ. ಎಂಡಿಎಫ್ ಎಂದರೆ ಮರದ ಹುಡಿನಾರಿಗೆ ಅಂಟು ಸೇರಿಸಿ ಒತ್ತಿದ ಹಲಗೆ. ಪೈಂಟ್ ಗಟ್ಟಿ ಇರುವಷ್ಟು ದಿನ ಅದಕ್ಕೆ ಏನೂ ಆಗುವುದಿಲ್ಲ. ಅಂಚು ಬಿಟ್ಟಿತು ಎಂದರೆ ನೀರು ಕುಡಿದು ಉಬ್ಬುತ್ತದೆ, ಒಣಗಿದರೂ ಮೊದಲಿನ ಆಕಾರಕ್ಕೆ ಬರುವುದಿಲ್ಲ. ಸಿಂಕ್ ಕೆಳಗಿನ ಎರಡು ಶಟರುಗಳ ಬುಡ ಈಗ ದಪ್ಪ ಆಗಿದೆ. ಮುಚ್ಚುವಾಗ ಒಂದಕ್ಕೊಂದು ತಾಗುತ್ತವೆ.

ಬಿಟ್ಟುಹೋದ ಖಾಲಿ ಕ್ಯಾನಿನ ಲೇಬಲ್ ಓದಿದಾಗ ವಿಷಯ ಗೊತ್ತಾಯಿತು. ಚಿಮಣಿ ಫಿಲ್ಟರಿಗೆ ಮಾಡಿದ, ಕಾಸ್ಟಿಕ್ ಸೋಡಾ ಎಂಬ ಖಾರವಾದ ಕ್ಷಾರ ಇರುವ, ಜಿಡ್ಡು ತೆಗೆಯುವ ಡಿಗ್ರೀಸರ್. ಸ್ಟೀಲಿನ ಮೇಲಿನ ಜಿಡ್ಡಿಗೆ ಅದು ಒಳ್ಳೆಯದೇ. ಆದರೆ ಹಳೇ ಬಗೆಯ ಡ್ಯೂಕೋ ಎಂದರೆ ನೈಟ್ರೋಸೆಲ್ಯುಲೋಸ್ ಬಣ್ಣ, ನಮ್ಮ ಪೈಂಟ್‌ನವರು ಎನ್‌ಸಿ ಎನ್ನುತ್ತಾರೆ. ಕ್ಷಾರಕ್ಕೆ ಅದು ತಡೆಯುವುದಿಲ್ಲ, ಥಿನ್ನರಿಗೂ ಕರಗುತ್ತದೆ. ಪಿಯು ಇದಕ್ಕಿಂತ ಗಟ್ಟಿ, ಆದರೆ ಸ್ಕ್ರಬ್ಬರ್ ಗೀರಿಗೆ ಅದೂ ಹೊಳಪು ಕಳೆದುಕೊಳ್ಳುತ್ತದೆ. ಈಗ ಸ್ಪ್ರೇ ಮಾಡಿದ್ದಕ್ಕೆಲ್ಲ ಡ್ಯೂಕೋ ಎಂದೇ ಹೇಳುವುದರಿಂದ ನಿಮ್ಮದು ಯಾವುದು ಎಂದು ಮಾಡಿದವರನ್ನೇ ಕೇಳಿ. ಅವರು ಸಿಗದಿದ್ದರೆ, ಶಟರಿನ ಒಳಬದಿಯ ಕಾಣದ ಮೂಲೆಗೆ ಹತ್ತಿಯಲ್ಲಿ ಒಂದು ತೊಟ್ಟು ಥಿನ್ನರ್ ಮುಟ್ಟಿಸಿ. ಬಣ್ಣ ಮೆತ್ತಗಾಗಿ ಹತ್ತಿಗೆ ಬಂದರೆ ಎನ್‌ಸಿ ಇರಬೇಕು.

ಕಂಪನಿಗೆ ಫೋಟೋ ಕಳಿಸಿದೆ. ಮೊದಲು "ಪೈಂಟ್ ಹಳತಾಗಿತ್ತು" ಎಂದರು. ಆಮೇಲೆ ಬಿಲ್ಲಿನ ಹಿಂದೆ ಸಣ್ಣಕ್ಷರದಲ್ಲಿರುವ ಒಂದು ಸಾಲು ತೋರಿಸಿದರು. ಕೊನೆಗೆ, ಮುಂದಿನ ಡೀಪ್ ಕ್ಲೀನಿಂಗ್ ನಮಗೆ ಫ್ರೀ ಅಂತೆ! ಬೇಡ ಎಂದೆ.

ಸರಿಮಾಡಿಸೋಣ ಎಂದರೆ ಅದೂ ಈಗ ಆಗುವುದಿಲ್ಲ. ಪೈಂಟ್‌ನವರು ಬಂದು ನೋಡಿ, ಮಂಕಾದ ಜಾಗಕ್ಕಷ್ಟೇ ಬಣ್ಣ ಮುಟ್ಟಿಸಿದರೆ ತೇಪೆ ಹಾಕಿದ ಹಾಗೆ ಕಾಣುತ್ತದೆ ಎಂದರು. ಶಟರ್ ಎಲ್ಲ ಬಿಚ್ಚಿ, ಪಾಲಿಶ್ ಪೇಪರ್ ಹೊಡೆದು, ಪ್ರೈಮರ್‌ನಿಂದ ಶುರು ಮಾಡಬೇಕು. ಉಬ್ಬಿದ ಎರಡನ್ನು ಆಚಾರಿಯ ಹತ್ತಿರ ಹೊಸತೇ ಮಾಡಿಸಬೇಕು. ಅದೂ ಮಳೆ ಬಿಟ್ಟ ಮೇಲೆ. ತೇವದ ಗಾಳಿಯಲ್ಲಿ ಎನ್‌ಸಿ ಹೊಡೆದರೆ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅದರ ಮೇಲೆ ಕೂರುತ್ತದೆ, ಬಣ್ಣ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ಈ ಕೆಲಸ ಮಾಡಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇಷ್ಟಾದ ಮೇಲೆ ಆ ಪೈಂಟ್‌ನವರನ್ನೇ ಕೇಳಿದೆ, ಹಾಗಾದರೆ ಒರೆಸುವುದು ಹೇಗೆ ಎಂದು. ಉಗುರುಬೆಚ್ಚಗಿನ ನೀರು, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಕೆಲವೇ ಹನಿ. ಮೆತ್ತನೆ ಬಟ್ಟೆ, ಹಳೇ ಬೈರಾಸು ಸಾಕು. ನೀರು ತೊಟ್ಟಿಕ್ಕದ ಹಾಗೆ ಚೆನ್ನಾಗಿ ಹಿಂಡಬೇಕು. ಜಿಡ್ಡು ಗಟ್ಟಿ ಇದ್ದರೆ ಉಜ್ಜುವುದಲ್ಲ, ಆ ಬಟ್ಟೆಯನ್ನೇ ಒಂದೆರಡು ನಿಮಿಷ ಒತ್ತಿ ಹಿಡಿಯಬೇಕು. ಆಮೇಲೆ ಬರೀ ನೀರಿನ ಬಟ್ಟೆ, ಕೂಡಲೇ ಒಣ ಬಟ್ಟೆ. ಹ್ಯಾಂಡಲ್ ಬುಡ, ಶಟರಿನ ಕೆಳಅಂಚು, ಸಿಂಕಿನ ಎದುರು, ಈ ಮೂರು ಕಡೆ ಒಣ ಬಟ್ಟೆ ತಪ್ಪಿಸಲೇಬಾರದು. ಸ್ಪ್ರೇ ಯಾವುದೇ ಇರಲಿ, ಬಟ್ಟೆಗೆ ಹೊಡೆಯಿರಿ, ಕಪಾಟಿಗಲ್ಲ.

ವಾಟ್ಸಾಪಿನಲ್ಲಿ ಬರುವ ಲಿಂಬೆ, ಅಡುಗೆ ಸೋಡಾ, ವಿನೆಗರ್ ಮದ್ದೂ ಬೇಡ. ಸೋಡಾ ಮತ್ತು ವಿನೆಗರ್ ಸೇರಿಸಿದರೆ ನೊರೆ ಬರುತ್ತದೆ, ನೋಡಲು ಚಂದ. ಆದರೆ ಆಮ್ಲ, ಕ್ಷಾರ ಒಂದನ್ನೊಂದು ತಿಂದು ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಸೋಡಾ ಪೇಸ್ಟ್ ಮಾಡಿ ಉಜ್ಜಿದರೆ ಸಣ್ಣ ಗೀರು ಬೀಳುತ್ತದೆ. ಮ್ಯಾಜಿಕ್ ಸ್ಪಂಜ್ ಎಂದು ಮಾರುವ ಬಿಳಿ ಸ್ಪಂಜೂ ಅಷ್ಟೆ, ಅದು ಬಹಳ ನಯವಾದ ಪಾಲಿಶ್ ಪೇಪರಿನ ಕೆಲಸವನ್ನೇ ಮಾಡುತ್ತದೆ. ಹುಳಿಯಲ್ಲಿ ತಿಕ್ಕುವುದೆಲ್ಲ ದೇವರ ದೀಪಕ್ಕೆ ಇರಲಿ. ಬೂಷ್ಟು ಬಂತೆಂದು ಬ್ಲೀಚ್ ಹಾಕುವವರೂ ಇದ್ದಾರೆ. ಬಣ್ಣಕ್ಕೂ ಕೆಟ್ಟದು, ಅದರ ಜೊತೆ ಬಾತ್‌ರೂಮಿನ ಆಸಿಡ್ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ಜೀವಕ್ಕೇ ಅಪಾಯ.

ಇನ್ನೊಂದು ಮಾತು, ನಮ್ಮ ಅತ್ತೆಗೆ ಬಹಳ ಇಷ್ಟವಾದದ್ದು. ಬಂಗುಡೆ ಕಾಯಿಸುವ ತೆಂಗಿನೆಣ್ಣೆಯ ಜಿಡ್ಡಿಗಿಂತ ಸೂರ್ಯಕಾಂತಿ ಎಣ್ಣೆಯ ಜಿಡ್ಡು ಬೇಗ ಗಾಳಿಗೆ ಗಟ್ಟಿಯಾಗಿ ಗೋಂದಿನಂತೆ ಕೂರುತ್ತದೆ. ಯಾವುದೇ ಎಣ್ಣೆ ಇರಲಿ, ಆ ದಿನದ್ದು ಆ ದಿನವೇ ಒರೆಸಿದರೆ ಕೆಮಿಕಲ್ ಬೇಕಾಗುವುದೇ ಇಲ್ಲ.

ಆದರೂ ಜನ ಕರೆಯಲೇಬೇಕು ಎಂದಾದರೆ, ಏನು ಹಾಕುತ್ತೀರಿ ಎಂದು ಬುಕ್ ಮಾಡುವಾಗಲೇ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿಗೆ ಬೆಲೆ ಇಲ್ಲ, ನಮಗೆ ಆದದ್ದು ಅದೇ. ಕೆಲಸ ಶುರುವಾಗುವ ಮೊದಲು ಕಪಾಟಿನ ಫೋಟೋ ತೆಗೆಯಿರಿ. ಅವರು ತಂದ ಲಿಕ್ವಿಡನ್ನು ಮೊದಲು ಒಂದು ಶಟರಿನ ಒಳಬದಿಗೆ ಹಾಕಿಸಿ, ಒಣಗುವವರೆಗೆ ಅವರಿಗೆ ಕಾಯಲು ಹೇಳಿ. ಬಟ್ಟೆಗೆ ಬಣ್ಣ ಬಂದರೆ ಅಲ್ಲೇ ನಿಲ್ಲಿಸಿ, ಅವರು ಏನೇ ಹೇಳಲಿ.

ನಾನು 1915 ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಇಂಥದ್ದು ಸೇವೆಯ ಲೋಪಕ್ಕೆ ಬರುತ್ತದೆ. ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ, 2 ವರ್ಷದೊಳಗೆ ಕೊಡಬೇಕು. ಬಿಲ್, ಮೆಸೇಜ್, ಫೋಟೋ ಮೂರೂ ಬೇಕು. ಖಾಲಿ ಕ್ಯಾನ್ ಸಿಕ್ಕಿದರೆ ಅದನ್ನೂ ಗುಜರಿಗೆ ಹಾಕಬೇಡಿ.