ಹಳೆ ವ್ಯಾನ್ ಡಿಕ್ಕಿ ಹೊಡೆದಾಗ: ಚಪ್ಪಟೆ ಮೂತಿ, ಗಿಡ್ಡ ಮೂತಿ, ಉದ್ದ ಬಾನೆಟ್

ಹಳೆ ವ್ಯಾನೇ ಬೇಕೆಂದರೆ ಉದ್ದ ಬಾನೆಟ್ಟಿನದನ್ನೇ ಹುಡುಕಿ. ಮೂರೂ ಬಗೆಯವನ್ನು ಓಡಿಸಿ, ಸೀಟು ಬಿಚ್ಚಿ, ಗಾಡಿಯಡಿ ಮಲಗಿ ನೋಡಿದ ಮೇಲೆ ನನ್ನ ಓಟು ಅದಕ್ಕೇ. ಆದರೆ ಅದೂ ಕೈಕೊಡುವ ಜಾಗ ಒಂದಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಚಪ್ಪಟೆ ಮೂತಿ. ಮಾರುತಿ ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನಡಿ, ಫೋಕ್ಸ್‌ವ್ಯಾಗನ್ ಟಿ2ನಲ್ಲಿ ಗಾಡಿಯ ಹಿಂಬದಿಗೆ. ಎರಡರಲ್ಲೂ ಚಾಲಕನ ಮೊಣಕಾಲಿಗೂ ಎದುರಿನ ಗಾಡಿಗೂ ನಡುವೆ ಉಳಿಯುವುದು ಒಂದಿಷ್ಟು ತಗಡು. ಗಂಟೆಗೆ 56 ಕಿ.ಮೀ. ವೇಗದಲ್ಲಿ ಗುದ್ದಿ, ಮೂತಿ ಅರ್ಧ ಮೀಟರ್ ಕುಗ್ಗಿ ಗಾಡಿ ನಿಂತರೆ ಸರಾಸರಿ ಹೊಡೆತ ಸುಮಾರು 25 ಜಿ, ಅಂದರೆ ಮೈತೂಕದ 25 ಪಟ್ಟು. ಕಾಲು ಮೀಟರಿಗೇ ನಿಂತರೆ 50 ಜಿ. ಚಪ್ಪಟೆ ಮೂತಿಯಲ್ಲಿ ಆ ಕಾಲು ಮೀಟರಿನೊಳಗೇ ಚಾಲಕನ ಪಾದಗಳೂ ಇರುತ್ತವೆ. ‘ಹಳೇ ಗಾಡಿ, ಚಾಸಿ ಗಟ್ಟಿ’ ಎನ್ನುವವರಿಗೆ ನನ್ನ ಉತ್ತರ ಒಂದೇ: ಚಾಸಿ ಬಾಗದಿದ್ದರೆ ಬಾಗುವುದು ಒಳಗೆ ಕೂತವರ ಎಲುಬು.

ಗಿಡ್ಡ ಮೂತಿಯವು ಕಣ್ಣಿಗೆ ಧೈರ್ಯ ಕೊಡುತ್ತವೆ, ಅಷ್ಟೇ. ಮಾರುತಿ ಈಕೋ, 2004ರಲ್ಲಿ ಬಂದ ಟೊಯೋಟಾ ಹೈಏಸ್ ಎರಡರಲ್ಲೂ ಎಂಜಿನ್ ಮುಂದಿನ ಸೀಟುಗಳ ಅಡಿಯಲ್ಲೇ ಇದೆ, ಮುಂದೆ ಚಾಚಿರುವುದು ಗೇಣುದ್ದದ ಮೂತಿ ಮಾತ್ರ. ಏರ್‌ಬ್ಯಾಗ್ ಇಲ್ಲದ ಈಕೋವನ್ನು, ಗಾಡಿಗಳನ್ನು ಗುದ್ದಿಸಿ ಅಂಕ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2016ರಲ್ಲಿ 64 ಕಿ.ಮೀ. ವೇಗದಲ್ಲಿ ಗುದ್ದಿಸಿದಾಗ ದೊಡ್ಡವರ ರಕ್ಷಣೆಗೆ ಸಿಕ್ಕಿದ್ದು ಸೊನ್ನೆ ಸ್ಟಾರ್. ಕಾನೂನಿನ ಪರೀಕ್ಷೆ ಪಾಸಾಗಿದೆ ಎಂದು ಯಾರಾದರೂ ಹೇಳಿದರೆ ಯಾವ ವೇಗದಲ್ಲಿ ಎಂದು ಕೇಳಿ, ಆ ಪರೀಕ್ಷೆ 56ರದ್ದು. 56ಕ್ಕೂ 64ಕ್ಕೂ ನಡುವಿನ ಅಂತರ ಎಂಟೇ ಕಿಲೋಮೀಟರ್ ಅನ್ನಿಸಬಹುದು, ಆದರೆ ಡಿಕ್ಕಿಯ ಶಕ್ತಿ ಶೇ 30ರಷ್ಟು ಹೆಚ್ಚುತ್ತದೆ.

ಉದ್ದ ಬಾನೆಟ್ಟಿನದರಲ್ಲಿ ಎಂಜಿನ್ ಮುಂದೆ, ಪಾದಗಳು ಅದರ ಹಿಂದೆ. ಫೋಕ್ಸ್‌ವ್ಯಾಗನ್ ಕೂಡ 1990ರ ಟಿ4ನಲ್ಲಿ ಎಂಜಿನ್ನನ್ನು ಮುಂದಕ್ಕೆ ತಂದಿತು. ಹಾಗೆಂದು ಮೂತಿ ಕಂಡ ಕೂಡಲೇ ನಂಬಬೇಡಿ. 1990ರ ಟೊಯೋಟಾ ಪ್ರೀವಿಯಾದ ಮೂತಿ ನೀಳವಾಗಿ ಇಳಿಜಾರಾಗಿದ್ದರೂ ಎಂಜಿನ್ ಸೀಟಿನಡಿ ಮಲಗಿದೆ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್‌ನ 64 ಕಿ.ಮೀ. ಪರೀಕ್ಷೆಯಲ್ಲಿ 1997ರ ಪಾಂಟಿಯಾಕ್ ಟ್ರಾನ್ಸ್ ಸ್ಪೋರ್ಟ್ ಬಾನೆಟ್ ಇದ್ದೂ ‘ಪೂರ್’ ಆಯಿತು, ಚಾಲಕನ ಕ್ಯಾಬಿನ್ನೇ ಕುಸಿದಿತ್ತು. 1998ರ ಟೊಯೋಟಾ ಸಿಯೆನ್ನಾ ಅದೇ ಪರೀಕ್ಷೆಯಲ್ಲಿ ‘ಗುಡ್’. ಬಾನೆಟ್ ಕುಗ್ಗಬೇಕು, ಕ್ಯಾಬಿನ್ ಕುಗ್ಗಬಾರದು. ಎರಡನೆಯದು ಪರೀಕ್ಷೆಯ ದಾಖಲೆ ನೋಡದೆ ಗೊತ್ತಾಗುವುದಿಲ್ಲ.

ಇನ್ನು ಕೈಕೊಡುವ ಜಾಗ ಎಂದೆನಲ್ಲ, ಅದು ಹಿಂದಿನ ಸಾಲಿನ ಬೆಲ್ಟ್. ಹಳೆ ವ್ಯಾನುಗಳಲ್ಲಿ ಎಷ್ಟೋ ಸೀಟಿಗೆ ಸೊಂಟದ ಪಟ್ಟಿ ಮಾತ್ರ, ಕೆಲವಕ್ಕೆ ಅದೂ ಇಲ್ಲ. ಹಾಗಾಗಿ ಯಾರೋ ಆಮೇಲೆ ಪಟ್ಟಿ ಸುತ್ತಿಕೊಳ್ಳುವ ರೀಲ್ ಇರುವ ಬೆಲ್ಟ್ ಹಾಕಿಸಿರುತ್ತಾರೆ. ಯಡವಟ್ಟು ಇರುವುದು ಆ ರೀಲಿನಲ್ಲಿ. ಅದರೊಳಗೆ ಸಾಮಾನ್ಯವಾಗಿ ಎರಡು ಲಾಕ್. ಒಂದು ಪಟ್ಟಿಯನ್ನು ಜಗ್ಗಿದಾಗ ಹಿಡಿಯುತ್ತದೆ. ಇನ್ನೊಂದು ಗಾಡಿಯೇ ಗಕ್ಕನೆ ನಿಧಾನವಾದಾಗ, ಒಳಗಿನ ಗುಂಡು ಉರುಳಿ ಹಿಡಿಯುತ್ತದೆ. ಸೀಟ್ ಬೆಲ್ಟಿಗೆಂದೇ ಇರುವ ವಿಶ್ವಸಂಸ್ಥೆಯ ಆರ್16 ನಿಯಮದ ಪ್ರಕಾರ ಈ ಎರಡನೆಯದು 0.45 ಜಿ ಮುಟ್ಟಿದಾಗ ಹಿಡಿಯಬೇಕು. 12 ಡಿಗ್ರಿವರೆಗೆ ವಾಲಿದರೆ ಹಿಡಿಯಬಾರದು, 27 ಡಿಗ್ರಿ ದಾಟಿದರೆ ಹಿಡಿಯಲೇಬೇಕು. ಅಂದರೆ ರೀಲ್ ತನಗೆ ಗೊತ್ತುಮಾಡಿದ ಕೋನದಲ್ಲೇ ಕೂತಿರಬೇಕು.

ವ್ಯಾನಿನ ಪಕ್ಕದ ಕಂಬ ಮೇಲೆ ಹೋಗುತ್ತಾ ಒಳಕ್ಕೆ ವಾಲುತ್ತದೆ. ನೆಟ್ಟಗೆ ನಿಲ್ಲಬೇಕಾದ ರೀಲನ್ನು ಅದಕ್ಕೆ ಅಂಟಿಸಿ ಬಿಗಿದರೆ ಅದೂ ವಾಲಿತು. ರಸ್ತೆ ಸ್ವಲ್ಪ ಓರೆಯಾದರೂ ಪಟ್ಟಿ ಕಚ್ಚಿಕೊಳ್ಳುತ್ತದೆ, ಎಳೆದರೆ ಬರುವುದಿಲ್ಲ. ಬೇಸತ್ತವರು ಪಟ್ಟಿಗೆ ಕ್ಲಿಪ್ ಹಾಕಿ ಸಡಿಲ ಬಿಡುತ್ತಾರೆ, ಇಲ್ಲವೇ ಗುಂಡನ್ನೇ ಕಿತ್ತು ಎಸೆಯುತ್ತಾರೆ. ಅಂಥ ಬೆಲ್ಟನ್ನು ಕೈಯಲ್ಲಿ ಜಗ್ಗಿ ನೋಡಿದರೆ ಸರಿಯಾಗಿಯೇ ಹಿಡಿಯುತ್ತದೆ, ಏಕೆಂದರೆ ಜಗ್ಗಿದಾಗ ಪರೀಕ್ಷೆ ಆಗುವುದು ಮೊದಲ ಲಾಕ್ ಮಾತ್ರ. ರೀಲ್ ಬಿಚ್ಚಿ, ಕೂರಬೇಕಾದ ಕೋನದಲ್ಲೇ ಹಿಡಿದು ಪಟ್ಟಿಯನ್ನು ಮೆಲ್ಲಗೆ ಎಳೆಯಿರಿ, ಬರಬೇಕು. 45 ಡಿಗ್ರಿ ವಾಲಿಸಿ ಅಷ್ಟೇ ಮೆಲ್ಲಗೆ ಎಳೆಯಿರಿ, ಬರಬಾರದು. ಬಂದರೆ ಆ ರೀಲ್ ಗುಜರಿಗೆ.

ಬೋಲ್ಟೂ ನೋಡಿ. ಸೀಟ್ ಬೆಲ್ಟಿನದು ಸಾಮಾನ್ಯವಾಗಿ 7/16 ಇಂಚು, ಇಂಚಿಗೆ 20 ಮರೆ (ತಿರುಪಿನ ಸುತ್ತು). ನೋಡಲು ಹೆಚ್ಚುಕಡಿಮೆ ಹಾಗೇ ಕಾಣುವ 12 ಎಂಎಂ ಬೋಲ್ಟನ್ನು ಅದೇ ನಟ್ಟಿಗೆ ತುರುಕಿದರೆ ಮರೆ ಹಾಳು. ಬರೀ ನೆಲದ ತಗಡಿಗೆ ತೂತು ಕೊರೆದು ವಾಷರ್ ಹಾಕಿ ಬಿಗಿದಿದ್ದರಂತೂ ಡಿಕ್ಕಿಯಲ್ಲಿ ಬೋಲ್ಟ್ ತಗಡು ಹರಿದುಕೊಂಡು ಬರುತ್ತದೆ. ಕಾರ್ಪೆಟ್ ಎತ್ತಿ, ಬೋಲ್ಟಿನ ಸುತ್ತ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಟಣ್ ಎನ್ನದೆ ಡಬ್ ಎಂದರೆ ಒಳಗೆ ತುಕ್ಕು. ಹಿಂದಿನ ಚಕ್ರದ ಕಮಾನಿನ ಹತ್ತಿರ ತಪ್ಪದೆ ತಟ್ಟಿ. ಇಷ್ಟೆಲ್ಲ ಸರಿಮಾಡಿಸುವ ಬದಲು ಎಲ್ಲ ಸೀಟಿಗೂ ಕಾರ್ಖಾನೆಯಿಂದಲೇ ಭುಜದ ಬೆಲ್ಟ್ ಇರುವ ಗಾಡಿಗೆ ಒಂದಿಷ್ಟು ಹೆಚ್ಚು ಕೊಡುವುದೇ ಮೇಲು.

ಪಕ್ಕಕ್ಕೆ ಮುಖಮಾಡಿದ ಬೆಂಚ್ ಸೀಟು ಮೂರು ಬಗೆಯಲ್ಲೂ ಬೇಡ. ತಲೆದಿಂಬಿಲ್ಲದ ನಡು ಸೀಟಿನಲ್ಲಿ ಯಾರನ್ನೂ ಕೂರಿಸಬೇಡಿ.

ಉದ್ದ ವ್ಯಾನು ತುಂಬಿದಾಗ ಮಗುಚುವ ಅಪಾಯ ಬೇರೆ. 15 ಸೀಟಿನ ವ್ಯಾನಿನಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಜನ ಕೂತರೆ, ಬೇರೆ ಗಾಡಿ ತಾಗದ ಅಪಘಾತಗಳಲ್ಲಿ ಮಗುಚುವ ಪ್ರಮಾಣ ಕಡಿಮೆ ಜನರಿದ್ದಾಗಿನದಕ್ಕಿಂತ ಮೂರು ಪಟ್ಟಿನ ಹತ್ತಿರ ಹೋಗುತ್ತದೆ ಎಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 2001ರಲ್ಲೇ ಎಚ್ಚರಿಸಿತ್ತು. ಭಾರ ಮೇಲಕ್ಕೂ ಹಿಂದಕ್ಕೂ ಸರಿಯುವುದೇ ಕಾರಣ. ಜನ ಕಡಿಮೆಯಿದ್ದರೆ ಮುಂದಿನ ಸಾಲುಗಳನ್ನು ಮೊದಲು ತುಂಬಿ, ಗಾಡಿಯ ಚಾವಣಿಯ ಮೇಲೆ ಲಗೇಜು ಬೇಡ. ಟೈರಿನ ವಯಸ್ಸೂ ನೋಡಿ: ಬದಿಯಲ್ಲಿ 2318 ಎಂದಿದ್ದರೆ ಅದು 2018ರ 23ನೇ ವಾರದ್ದು. ಟೈರಿನ ಗೆರೆ ಸವೆಯದಿದ್ದರೂ ಹಳೆಯದು ಹಳೆಯದೇ.

ನನ್ನ ಓಡಾಟ ಹೆಚ್ಚಾಗಿ ಹೆದ್ದಾರಿಯಲ್ಲಿ, ಹಿಂದೆ ಮಕ್ಕಳನ್ನು ಕೂರಿಸಿಕೊಂಡು. ಹಾಗಾಗಿ ಪರೀಕ್ಷೆಯಲ್ಲಿ ಕ್ಯಾಬಿನ್ ಉಳಿದ ಬಾನೆಟ್ ವ್ಯಾನನ್ನೇ ತೆಗೆದುಕೊಳ್ಳುತ್ತೇನೆ, ಕಿಲೋಮೀಟರ್ ಹೆಚ್ಚು ಓಡಿದ್ದರೂ ಬಣ್ಣ ಹೋಗಿದ್ದರೂ ಸರಿ. ದುಡ್ಡು ಉಳಿದರೆ ಟೈರಿಗೆ. ಪೇಟೆಯೊಳಗೆ 40 ದಾಟದೆ ಓಡಿಸುವವರಿಗೆ ಏರ್‌ಬ್ಯಾಗ್, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇರುವ ಗಿಡ್ಡ ಮೂತಿ ನಡೆದೀತು. ಚಪ್ಪಟೆ ಮೂತಿಯದು ಸಾಮಾನು ಸಾಗಿಸಲಿಕ್ಕೆ, ಅದೂ ಹತ್ತಿರದ ದಾರಿಗೆ.